ದೋಣಿಯಲ್ಲಿ ನಾನು ಎದ್ದು ನಿಂತದ್ದು

ವಯಸ್ಸಿನ ಬಗ್ಗೆ ಸುಳ್ಳು ಹೇಳಿದರೆ ಯಾರಿಗೂ ನಷ್ಟವಿಲ್ಲ. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ ಎಂದರೂ, ಊರಿನಲ್ಲಿ ಎರಡು ಸಲ ಹುಲಿವೇಷ ಹಾಕಿದ್ದೆ ಎಂದರೂ ಕೇಳಿದವರು ತಲೆದೂಗಿ ಸುಮ್ಮನಾಗುತ್ತಾರೆ. ತೂಕದ ಬಗ್ಗೆಯೂ ನೆಲದ ಮೇಲೆ ನಿಂತುಕೊಂಡು ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ನೆಲ ಸಹಿಸಿಕೊಳ್ಳುತ್ತದೆ. ನೀರು ಮಾತ್ರ ಸಹಿಸುವುದಿಲ್ಲ. ಇಷ್ಟು ತಿಳಿಯಲು ನನಗೆ ನಲವತ್ತೊಂಬತ್ತು ವರ್ಷ ಬೇಕಾಯಿತು. ತಿಳಿದು ಆರು ತಿಂಗಳಾದರೂ ಸ್ನಾನದ ಬಕೆಟ್ಟಿನಲ್ಲಿ ನೀರು ಅಲುಗಿದರೆ ನಾನು ಈಗಲೂ ಗೋಡೆ ಹಿಡಿದುಕೊಳ್ಳುತ್ತೇನೆ.

ನನ್ನ ಉದ್ಯೋಗ ಏನೆಂದು ಕೇಳಿದರೆ ನೀವು ನಗುತ್ತೀರಿ. ಸೌದಿಯ ದಮ್ಮಾಮಿನ ಒಂದು ಗುಜರಿ ಕಬ್ಬಿಣದ ಕಂಪನಿಯಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುವವನು ನಾನು. ಲಾರಿ ಬಂದು ತೂಕದ ಕಟ್ಟೆಯ ಮೇಲೆ ನಿಲ್ಲಬೇಕು, ನಾನು ಗಾಜಿನ ಕೋಣೆಯಲ್ಲಿ ಕುಳಿತು ಅಂಕಿ ಬರೆಯಬೇಕು. ಕಬ್ಬಿಣದ ಅಡಿಯಲ್ಲಿ ಒದ್ದೆ ಮರಳು ತುಂಬಿಸಿ ತರುವವರು, ಮಾರುವಾಗ ನೀರಿನ ಟ್ಯಾಂಕು ತುಂಬಿಸಿಕೊಂಡು ಬರುವವರು, ಎಲ್ಲರನ್ನೂ ಹದಿನೇಳು ವರ್ಷದಿಂದ ಹಿಡಿದು ಹಾಕಿದ್ದೇನೆ. ಮನೆಯಲ್ಲಿ ಹೆಂಡತಿ ವನಜ ತಂದಿಟ್ಟ ಸಣ್ಣ ತೂಕದ ಯಂತ್ರದ ಮೇಲೆ ನಿಲ್ಲುವಾಗ ಮಾತ್ರ ನನ್ನ ಒಂದು ಕೈ ವಾಷ್ ಬೇಸಿನ್ನಿನ ಮೇಲಿರುತ್ತದೆ. ಕೈಯನ್ನು ಸ್ವಲ್ಪ ಒತ್ತಿದರೆ ತೊಂಬತ್ತೈದು, ಚೆನ್ನಾಗಿ ಒತ್ತಿದರೆ ಎಂಬತ್ತೆಂಟು. ಹೊರಗಿನಿಂದ ವನಜ "ಎಷ್ಟು ಬಂತು?" ಎಂದು ಕೇಳಿದರೆ ನಾನು ಒತ್ತಿದ್ದಕ್ಕೆ ತಕ್ಕ ಹಾಗೆ ಉತ್ತರ ಹೇಳುತ್ತಿದ್ದೆ.

ಇಂಥ ನಾನು ಒಂದು ಶುಕ್ರವಾರ ದೋಣಿ ಹತ್ತಿದೆ. ಕಾರಣ ನನ್ನ ಸ್ನೇಹಿತ ಇಬ್ರಾಹಿಂ. ಉಪ್ಪಿನಂಗಡಿಯವನು, ದಮ್ಮಾಮಿನಲ್ಲಿ ಏಸಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಅವನ ತಾಯಿ ಐಸಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು. ಮಗ ಮಕ್ಕಾಕ್ಕೆ ಕರೆದೊಯ್ದು ಉಮ್ರಾ ಮಾಡಿಸಿದ, ಮಾಲ್ ತೋರಿಸಿದ, ಇನ್ನು ನೋಡಲಿಕ್ಕೆ ಏನು ಬೇಕು ಎಂದು ಕೇಳಿದರೆ, "ನನಗೆ ಒಂದು ಸಲ ದೋಣಿಯಲ್ಲಿ ಕೂರ್ಬೇಕು ಮಾರಾಯ" ಎಂದರಂತೆ. ಅವರ ತಂದೆ ನೇತ್ರಾವತಿಯಲ್ಲಿ ಕಡವಿನ ದೋಣಿ ದಾಟಿಸುತ್ತಿದ್ದವರು. ಸೇತುವೆ ಬಂದ ಮೇಲೆ ದೋಣಿಯೂ ಹೋಯಿತು, ಕಡವೂ ಹೋಯಿತು. ಇಬ್ರಾಹಿಂನ ಹೆಂಡತಿ ನರ್ಸ್, ಆ ದಿನ ಡ್ಯೂಟಿಯಲ್ಲಿದ್ದಳು. ಹಾಗಾಗಿ ಅವನು, ಐಸಮ್ಮ, ಅವನ ಒಂಬತ್ತು ವರ್ಷದ ಮಗಳು ಹಿಬಾ, ಜೊತೆಗೆ ನಾನು ಮತ್ತು ವನಜ, ಇಷ್ಟು ಜನ ಬೆಳಿಗ್ಗೆಯೇ ಹೊರಟೆವು.

ಪಕ್ಕದ ಖೋಬರ್ ಪಟ್ಟಣ ದಾಟಿದ ಮೇಲೆ ಒಂದು ಕಡೆ ಸಣ್ಣ ಫೈಬರ್ ದೋಣಿಗಳು ಬಾಡಿಗೆಗೆ ಸಿಗುತ್ತವೆ. ನಮಗೆ ಸಿಕ್ಕ ದೋಣಿಯವನು ಕುದ್ದೂಸ್, ಬಾಂಗ್ಲಾದೇಶದವನು, ಕಡ್ಡಿಯ ಹಾಗೆ ಸಣಕಲ. ಇಲ್ಲಿ ವಾಸಿಸುವ ಪರವಾನಗಿಯ, ಅಂದರೆ ಇಕಾಮಾದ, ನಂಬರು, ಹೆಸರು ಎಲ್ಲ ಬರೆದುಕೊಂಡ ಮೇಲೆ ಒಬ್ಬೊಬ್ಬರದೇ ತೂಕ ಕೇಳತೊಡಗಿದ. ಐಸಮ್ಮ "ನಲವತ್ತಾರು" ಎಂದರು. ವನಜ ಹಿಂದೆ ಮುಂದೆ ನೋಡದೆ "ಅರವತ್ತೆಂಟು" ಎಂದಳು. ನನ್ನ ಸರದಿ ಬಂತು.

"ಸಾಬ್, ಆಪ್ ಕಾ ವಜನ್?"

ವನಜ ನನ್ನನ್ನೇ ನೋಡುತ್ತಿದ್ದಳು. ನಾನು ಹೊಟ್ಟೆ ಒಳಗೆ ಎಳೆದುಕೊಂಡು, "ಎಂಬತ್ತೆರಡು" ಎಂದೆ. ಸಮುದ್ರದ ದಂಡೆಯಲ್ಲಿ ಒತ್ತಲು ವಾಷ್ ಬೇಸಿನ್ ಕೂಡ ಇರಲಿಲ್ಲ, ಅಷ್ಟು ದೊಡ್ಡ ಸುಳ್ಳು ಬಾಯಿಂದ ತಾನಾಗಿಯೇ ಬಂತು. ಕುದ್ದೂಸ್ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಎಂಬತ್ತೆರಡು ಎಂದೇ ಬರೆದುಕೊಂಡ. ಅವನು ಮೊದಲು ಕೊಟ್ಟ ಲೈಫ್ ಜಾಕೆಟ್ಟಿನ ಬಕಲ್ಲಿಗೂ ಅದರ ಕೊಂಡಿಗೂ ಒಂದು ಗೇಣಿನ ಅಂತರ ಉಳಿಯಿತು. ಅವನು ಪೆಟ್ಟಿಗೆಯ ತಳದಿಂದ ಇನ್ನೊಂದು ತೆಗೆದು, "ಇದು ಹೊಸದು ಸಾಬ್" ಎಂದು ಕೊಟ್ಟ. ಎಂಥ ಮರ್ಯಾದಸ್ಥ ಎಂದುಕೊಂಡೆ. ದೋಣಿ ಹತ್ತುವಾಗಲೂ ಉಳಿದವರನ್ನೆಲ್ಲ ಅಂಚಿನಲ್ಲಿ ಕೂರಿಸಿ, ನನ್ನನ್ನು ಸರೀ ನಡುವಿನ ಹಲಗೆಯ ಮೇಲೆ ಕೂರಿಸಿ, "ಸಾಬ್, ವಿಐಪಿ ಸೀಟ್. ಇಲ್ಲಿಂದ ಏಳಬೇಡಿ" ಎಂದ. ನಾನು ಇಬ್ರಾಹಿಂನ ಕಡೆ ಸ್ವಲ್ಪ ಜಂಬದಿಂದಲೇ ನೋಡಿದೆ.

ಮೊದಲ ಅರ್ಧ ಗಂಟೆ ಬಹಳ ಚೆನ್ನಾಗಿತ್ತು. ನೀರು ಹಸಿರು ಗಾಜಿನ ಹಾಗೆ, ದಡದ ಮರಳು ದೂರದಲ್ಲಿ ಬೆಳ್ಳಗೆ. ಐಸಮ್ಮ ಬುರ್ಖಾದ ತೋಳು ಮಡಚಿ ನೀರಿಗೆ ಕೈ ಇಳಿಬಿಟ್ಟು ಕುಳಿತಿದ್ದರು. "ನನ್ನ ಬಾವ ದೋಣಿಯಲ್ಲಿ ಯಾರನ್ನೂ ನಿಲ್ಲಲಿಕ್ಕೆ ಬಿಡ್ತಿರಲಿಲ್ಲ. ಪಟೇಲರು ನಿಂತರೂ ಕೂರಿಸ್ತಿದ್ರು" ಎಂದು ತಮ್ಮ ತಂದೆಯ ಕಥೆ ಹೇಳಿದರು. ಅವರ ಬ್ಯಾರಿ ಭಾಷೆಯಲ್ಲಿ ಬಾವ ಎಂದರೆ ಅಪ್ಪ. ನಾವೆಲ್ಲ ನಕ್ಕೆವು. ನಾನು ಸ್ವಲ್ಪ ಹೆಚ್ಚೇ ನಕ್ಕೆ.

ಕುದ್ದೂಸ್ ಎಂಜಿನ್ ನಿಲ್ಲಿಸಿದ ಮೇಲೆ ಹಿಬಾ ಎಡಗಡೆ ಕೈ ತೋರಿಸಿ, "ಪಪ್ಪಾ, ಡಾಲ್ಫಿನ್! ಲುಕ್, ಲುಕ್!" ಎಂದು ಕೂಗಿದಳು. ಇಬ್ರಾಹಿಂ ಆ ಕಡೆ ಬಗ್ಗಿದ, ವನಜ ಬಗ್ಗಿದಳು. ನನ್ನ ಮೊಬೈಲ್ ಆಗಲೇ ಕೈಯಲ್ಲಿತ್ತು, ವಿಡಿಯೋ ಓಡುತ್ತಿತ್ತು. ನಡುವಿನ ಹಲಗೆಯಿಂದ ನನಗೆ ಕಾಣುತ್ತಿದ್ದದ್ದು ಇಬ್ರಾಹಿಂನ ಬೆನ್ನು ಮಾತ್ರ. ವಿಐಪಿಗೆ ಬೆನ್ನು ತೋರಿಸುವುದೇ? ನಾನು ಎದ್ದು ನಿಂತೆ. "ಬೈಠೋ ಸಾಬ್!" ಎಂದ ಕುದ್ದೂಸ್. ನಾನು ಎಡಕ್ಕೆ ಒಂದು ಹೆಜ್ಜೆ ಇಟ್ಟೆ. "ಬೈಠೋ, ಬೈಠೋ!" ಎಂದು ಅವನು ಕಿರುಚಿದ. ಅದೇ ಹೊತ್ತಿಗೆ ಯಾರೋ ಜೆಟ್ ಸ್ಕೀಯಲ್ಲಿ ಹೋದವನ ಅಲೆ ಬಲಗಡೆಯಿಂದ ಬಂದು ದೋಣಿಯನ್ನು ಎತ್ತಿತು.

ದೋಣಿ ಮಗುಚಲು ತುಂಬ ಹೊತ್ತು ಬೇಕು ಎಂದು ನಾನು ನಂಬಿದ್ದೆ. ಹಾಗೇನೂ ಇಲ್ಲ. ಮಲಗಿದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ, ಅಷ್ಟೇ. ಎಡ ಅಂಚು ನೀರಿನೊಳಗೆ ಹೋಯಿತು, ಆಮೇಲೆ ಆಕಾಶ ಇರಬೇಕಾದಲ್ಲಿ ನೀರಿತ್ತು. ಉಪ್ಪು ನೀರು ಮೂಗಿನಿಂದ ನೇರ ತಲೆಗೆ ಹೋಯಿತು. ಕಿವಿಯಲ್ಲಿ ಶಬ್ದವೇ ಇಲ್ಲ. ಜಾಕೆಟ್ ನನ್ನನ್ನು ಮೇಲಕ್ಕೆ ಎತ್ತಿ ಹಾಕಿದಾಗ ನಾನು ಬಾಯಿ ಬಿಟ್ಟುಕೊಂಡು ತೇಲುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ. ನನ್ನ ಬಲಗೈ ನೆಟ್ಟಗೆ ಮೇಲಕ್ಕೆದ್ದಿತ್ತು, ಅದರಲ್ಲಿ ಮೊಬೈಲ್ ಇತ್ತು. ನಾಲ್ಕು ಮಾರು ದೂರದಲ್ಲಿ ವನಜ ಕೆಮ್ಮುತ್ತಿದ್ದಳು. ಹೆಂಡತಿಯ ಕಡೆ ಚಾಚಬೇಕಾದ ಕೈ ಮೊಬೈಲನ್ನು ಒದ್ದೆಯಾಗದ ಹಾಗೆ ಹಿಡಿದುಕೊಂಡಿತ್ತು.

ಮೊದಲು ಮಾತಾಡಿದವರು ಐಸಮ್ಮ. ಮಗುಚಿದ ದೋಣಿಯ ಬೆನ್ನನ್ನು ತಬ್ಬಿಕೊಂಡು, ತಲೆಯ ವಸ್ತ್ರ ಕುತ್ತಿಗೆಗೆ ಸುತ್ತಿಕೊಂಡಿದ್ದರೂ, ಆ ಮುದುಕಿ ಜೋರಾಗಿ ತಲೆ ಎಣಿಸುತ್ತಿದ್ದರು. "ಇಬ್ರಾಯಿ ಒಂದು. ವನಜಕ್ಕ ಎರಡು. ಇವ ಮೂರು. ದೋಣಿಯವ ನಾಲ್ಕು. ನಾನು ಐದು." ಅಲ್ಲಿಗೆ ನಿಂತರು. ಮತ್ತೆ ಎಣಿಸಿದರು. ಮತ್ತೆ ಐದು.

"ಹಿಬಾ ಎಲ್ಲಿ?"

ಇಬ್ರಾಹಿಂ ಸುತ್ತ ತಿರುಗುತ್ತಾ "ಹಿಬಾ, ಹಿಬಾ" ಎನ್ನುತ್ತಿದ್ದ, ಅದು ಕೂಗೂ ಅಲ್ಲ, ಅಳುವೂ ಅಲ್ಲ. ನೀರಿನ ಮೇಲೆ ಅವಳ ಗುಲಾಬಿ ಟೊಪ್ಪಿ ಮಾತ್ರ ತೇಲುತ್ತಿತ್ತು. ಅವನು ಮುಳುಗಲು ನೋಡಿದ, ಜಾಕೆಟ್ ಬಿಡಲಿಲ್ಲ. ಕುದ್ದೂಸ್ ತನ್ನ ಜಾಕೆಟ್ ಕಳಚಿ ಎಸೆದು ದೋಣಿಯ ಅಡಿಗೆ ನುಗ್ಗಿದ. ನಾವು ಕಾದೆವು. ಎಷ್ಟು ಹೊತ್ತು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಐಸಮ್ಮ ಕಣ್ಣು ಮುಚ್ಚಿ ಏನೋ ಓದುತ್ತಿದ್ದರು. ನಾನು ನಮ್ಮ ಮನೆದೈವಕ್ಕೆ, ಅವರ ದೇವರಿಗೆ, ಕೇಳಿದ್ದ ಎಲ್ಲ ಹೆಸರುಗಳಿಗೂ ಒಟ್ಟಿಗೆ ಮೊರೆಯಿಟ್ಟೆ.

ದೋಣಿಯ ಆಚೆ ಬದಿಯಲ್ಲಿ ನೀರು ಒಡೆಯಿತು. ಕುದ್ದೂಸ್ ಮೇಲೆ ಬಂದ, ಅವನ ತೋಳಿನಲ್ಲಿ ಹಿಬಾ. ದೋಣಿ ಕವುಚಿದಾಗ ಒಳಗೆ ಉಳಿದಿದ್ದ ಗಾಳಿಯಲ್ಲಿ ಮುಖವಿಟ್ಟು, ಹಲಗೆ ಹಿಡಿದುಕೊಂಡು ನೇತಾಡುತ್ತಿದ್ದಳಂತೆ. ಹುಡುಗಿ ಕೆಮ್ಮಿದಳು, ಅಪ್ಪನ ಕುತ್ತಿಗೆಗೆ ಜೋತುಬಿದ್ದಳು, ಅತ್ತಳು. ಆಮೇಲೆ ನನ್ನನ್ನು ನೋಡಿ ಕೇಳಿದಳು: "ಅಂಕಲ್, ವೈ ಡಿಡ್ ಯು ಸ್ಟ್ಯಾಂಡ್?"

ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನನಗೆ ಉತ್ತರ ಬರಲಿಲ್ಲ ಎಂದು ಈಗ ತಮಾಷೆ ಮಾಡಬಹುದು. ಬ್ಯಾರಿಯಲ್ಲಿ ಕೇಳಿದ್ದರೂ, ತುಳುವಿನಲ್ಲಿ ಕೇಳಿದ್ದರೂ ಬರುತ್ತಿರಲಿಲ್ಲ.

ಇನ್ನೊಂದು ದೋಣಿ ಬಂದು ನಮ್ಮನ್ನು ದಡಕ್ಕೆ ತಂದಿತು. ಅಲ್ಲಿ ದೋಣಿಗಳ ಮಾಲೀಕ, ಅಬು ಸಾಲೆಹ್ ಎಂಬ ವಯಸ್ಸಾದ ಸೌದಿ, ಕಾಯುತ್ತಾ ನಿಂತಿದ್ದ. ನಮಗೆಲ್ಲ ಟವೆಲು ಕೊಡಿಸಿದ, ಹಿಬಾಳ ತಲೆ ನೇವರಿಸಿದ, ನಂತರ ಕುದ್ದೂಸ್ ಕಡೆ ತಿರುಗಿದ. ಇಬ್ರಾಹಿಂಗೆ ಅರಬಿ ಚೆನ್ನಾಗಿ ಬರುತ್ತದೆ, ಮೆಲ್ಲಗೆ ನನಗೆ ಹೇಳಿದ: "ತೂಕ ಸರಿಯಾಗಿ ಹಂಚದೆ ಕೂರಿಸಿದ್ದಿ ಅಂತ ಬೈತಿದ್ದಾನೆ. ನಾಳೆಯಿಂದ ಬರುದು ಬೇಡ ಅಂತಿದ್ದಾನೆ. ಊರಿಗೆ ಕಳಿಸ್ತಾನಂತೆ."

ಕುದ್ದೂಸ್ ತಲೆ ತಗ್ಗಿಸಿ ನಿಂತಿದ್ದ, ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕಡೆ ಬೆರಳು ತೋರಿಸಲೂ ಇಲ್ಲ. ನಾನು ಟವೆಲು ಹೊದ್ದು ನಡುಗುತ್ತಾ ನಿಂತಿದ್ದೆ. ಐಸಮ್ಮ ನನ್ನ ಪಕ್ಕಕ್ಕೆ ಬಂದು, "ಮೋನೇ" ಎಂದರು. ಅವರ ಭಾಷೆಯಲ್ಲಿ ಮಗನೇ ಎಂದು. "ಆ ಹುಡುಗ ನಮ್ಮ ಮಗುವನ್ನು ತೆಗೆದ. ನೀನು ಎಂತ ಸುಮ್ಮನೆ ನಿಂತದ್ದು?"

ನಾನು ಮುಂದೆ ಹೋದೆ. ಇಬ್ರಾಹಿಂಗೆ, "ನನ್ನ ತೂಕ ನಾನು ಸುಳ್ಳು ಹೇಳಿದ್ದು ಅಂತ ಹೇಳು. ಎಂಬತ್ತೆರಡು ಅಂದಿದ್ದೆ. ನಿಜಕ್ಕೂ..." ವನಜ ಪಕ್ಕದಲ್ಲೇ ಇದ್ದಳು. "ನಿಜಕ್ಕೂ ತೊಂಬತ್ತೆರಡು" ಎಂದೆ. ನೋಡಿ, ತಪ್ಪೊಪ್ಪಿಗೆಯಲ್ಲೂ ಹನ್ನೆರಡು ಕಿಲೋ ಉಳಿಸಿಕೊಂಡೆ.

ಇಬ್ರಾಹಿಂ ಅರಬಿಯಲ್ಲಿ ಹೇಳಿದ. ಕುದ್ದೂಸ್ ತಲೆಯೆತ್ತಿ, ನನಗೆ ಬೇಸರವಾಗದ ಹಾಗೆ ಮೆಲ್ಲಗೆ ಹಿಂದಿಯಲ್ಲಿ ಹೇಳಿದ: "ಇಲ್ಲ ಸಾಬ್, ಅದರಿಂದ ಆದದ್ದಲ್ಲ. ಪಟ್ಟಿಯಲ್ಲಿ ನೀವು ಹೇಳಿದ್ದು ಬರೆದೆ. ಆದರೆ ಮನಸ್ಸಿನಲ್ಲಿ ನಿಮ್ಮನ್ನು ನೂರ ಹತ್ತು ಅಂತ ಹಿಡಿದಿದ್ದೆ. ಅದಕ್ಕೇ ನಡುವೆ ಕೂರಿಸಿದ್ದು."

"ನೂರ ಹತ್ತಾ!" ನಾನು ಕಿರುಚಿದೆ. "ನೂರ ನಾಲ್ಕು ಮಾರಾಯ! ನೂರ ನಾಲ್ಕು!"

ವನಜ ಟವೆಲಿನಿಂದ ಮುಖ ಒರೆಸುವುದನ್ನು ನಿಲ್ಲಿಸಿ, "ನೂರ ನಾಲ್ಕಾ?" ಎಂದಳು. ಸಮುದ್ರದಲ್ಲಿ ಬಿದ್ದಾಗಲೂ ಅವಳ ಮುಖದಲ್ಲಿ ಅಷ್ಟು ಗಾಬರಿ ನಾನು ನೋಡಿರಲಿಲ್ಲ.

ಅಬು ಸಾಲೆಹ್‌ಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಎಲ್ಲರನ್ನೂ ಸರಿಯಾಗಿ ಕೂರಿಸಿದ್ದರೆ ದೋಣಿ ಮಗುಚಿದ್ದು ಹೇಗೆ ಎಂದು ಅವನು ಕುದ್ದೂಸ್‌ನನ್ನೇ ಕೇಳಿದ. ಕುದ್ದೂಸ್ ಬಗ್ಗಿ ಅಂಗಿಯ ತುದಿ ಹಿಂಡತೊಡಗಿದ. ನನ್ನ ಕೈ ಒದ್ದೆ ಪ್ಯಾಂಟಿನ ಜೇಬಿನಲ್ಲಿತ್ತು, ಜೇಬಿನಲ್ಲಿ ಮೊಬೈಲ್ ಇತ್ತು. ನೀರು ತಡೆಯುವ ಮೊಬೈಲ್ ಅದು, ಸಾಯಲಿಲ್ಲ. ಅದರಲ್ಲಿದ್ದ ವಿಡಿಯೋ ಅಳಿಸಿಬಿಡಲು ಎರಡು ಸಲ ಬೆರಳಾಡಿಸಿದರೆ ಸಾಕಿತ್ತು. ಅಳಿಸುವ ಯೋಚನೆ ಬರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ಆ ಹುಡುಗನ ಬರಿಗಾಲು ಕಾಣುತ್ತಿತ್ತು, ಚಪ್ಪಲಿ ಸಮುದ್ರದಲ್ಲಿ ಹೋಗಿತ್ತು. ನಾನು ಮೊಬೈಲ್ ತೆಗೆದು ಅಬು ಸಾಲೆಹ್‌ನ ಕೈಗೆ ಕೊಟ್ಟೆ.

ಅದರಲ್ಲಿ ಡಾಲ್ಫಿನ್ ಇರಲಿಲ್ಲ. ಇಬ್ರಾಹಿಂನ ಭುಜ, ನನ್ನ ಹೆಬ್ಬೆರಳು, ಸ್ವಲ್ಪ ಸಮುದ್ರ. ಸ್ವರ ಮಾತ್ರ ಸ್ಪಷ್ಟ. "ಬೈಠೋ ಸಾಬ್! ಬೈಠೋ, ಬೈಠೋ!" ಅದರ ಮೇಲೆ ನನ್ನ ಸ್ವರ, ನಾನು ಆಡಿದ್ದೇ ಮರೆತಿದ್ದ ಮಾತು: "ಅಯ್ಯೋ ಒಂದು ನಿಮಿಷ ನಿಲ್ಲು ಮಾರಾಯ, ಎಂತ ಗಡಿಬಿಡಿ ನಿಂದು!" ಆಮೇಲೆ ಆಕಾಶ, ನೀರು, ವನಜಳ ಕೂಗು.

ಅಬು ಸಾಲೆಹ್ ಎರಡು ಸಲ ನೋಡಿದ. ಕುದ್ದೂಸ್‌ನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ, ಬಟ್ಟೆ ಬದಲಿಸಿಕೊಂಡು ಊಟ ಮಾಡಲು ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿದ. ಪೊಲೀಸ್, ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್, ಇಕಾಮಾ, ಎಲ್ಲವೂ ನನ್ನ ತಲೆಯಲ್ಲಿ ಓಡಿತು. ಅವನು ಹೇಳಿದ್ದನ್ನು ಇಬ್ರಾಹಿಂ ಕನ್ನಡ ಮಾಡಿದ: "ಶಿಕ್ಷೆ ಎಂತದೂ ಬೇಡವಂತೆ. ಆ ವಿಡಿಯೋ ಅವನಿಗೆ ಕಳಿಸ್ಬೇಕಂತೆ."

ಕಳಿಸಿದೆ. ಯಾಕೆ ಎಂದು ಆಗ ಕೇಳಲಿಲ್ಲ. ಕಾರಿನಲ್ಲಿ ಇಬ್ರಾಹಿಂ ಮನೆ ತಲುಪುವವರೆಗೂ ನನ್ನೊಡನೆ ಮಾತಾಡಲಿಲ್ಲ. ಮರುದಿನ ಕುದ್ದೂಸ್‌ಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಟ್ಟು ಬರಲು ಹೋಗೋಣವೇ ಎಂದು ಫೋನ್ ಮಾಡಿದಾಗ ಮಾತ್ರ, "ಬಾ, ಹೋಗುವ" ಎಂದ.

ಕಳೆದ ವಾರ ಹತ್ತಿರದ ಅಬ್ಕೈಕ್ ಊರಿನಿಂದ ಹಳೆಯ ಪರಿಚಯದವನೊಬ್ಬ ಫೋನ್ ಮಾಡಿದ. ಮಕ್ಕಳನ್ನು ಕರೆದುಕೊಂಡು ದೋಣಿಗೆ ಹೋಗಿದ್ದನಂತೆ. ಹತ್ತುವ ಮೊದಲು ಅಲ್ಲಿ ಒಂದು ಟೀವಿಯಲ್ಲಿ ಎಲ್ಲರಿಗೂ ವಿಡಿಯೋ ತೋರಿಸುತ್ತಾರಂತೆ, ದೋಣಿಯಲ್ಲಿ ಎದ್ದು ನಿಂತರೆ ಏನಾಗುತ್ತದೆ ಎಂದು. "ಮುಖ ಕಾಣುದಿಲ್ಲ ಮಾರಾಯ, ಆದರೆ ಒಬ್ಬ ನಮ್ಮ ಕಡೆಯ ಕನ್ನಡದಲ್ಲಿ ಮಾತಾಡ್ತಾನೆ. ನನ್ನ ಮಕ್ಕಳು ಈಗ ಮನೆಯಲ್ಲಿ ಅವನ ಹಾಗೇ ಹೇಳಿ ನಗಾಡುದು. ಅದು ನಿನ್ನ ಸ್ವರವೇ ಅಲ್ವಾ?"

ಅಡಿಗೆಮನೆಯಲ್ಲಿ ವನಜಳ ಸೌಟಿನ ಸದ್ದು ನಿಂತಿತು.

"ಛೆ, ನಾನಲ್ಲಪ್ಪ" ಎಂದೆ. "ನಮ್ಮ ಕರಾವಳಿಯವರ ಸ್ವರ ಫೋನಿನಲ್ಲಿ ಎಲ್ಲ ಒಂದೇ ನಮೂನೆ ಕೇಳ್ತದೆ."