ಬಿ ಸೈಡಿನ ಕೂಗು

ಶುಕ್ರವಾರ ಸಂಜೆ ಐದು ಮುಕ್ಕಾಲಿಗೆ, ಕಾಲು ಕೆ.ಜಿ. ಕಾಫಿಪುಡಿಯ ಪೊಟ್ಟಣ ಹಿಡಿದು ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ದಾಟುತ್ತಿದ್ದ ಚಲುವನಾರಾಯಣರಿಗೆ ಬಸವರಾಜುವಿನ ಕ್ಯಾಸೆಟ್ ಅಂಗಡಿಯಿಂದ ತಮ್ಮದೇ ಧ್ವನಿ ಕೇಳಿಸಿತು.

“ನಿಲ್ಸ್ರಯ್ಯಾ, ಸಾಕೂ!”

ಆ ಕೂಗು ಬಿದ್ದದ್ದೇ ತಡ, ಡ್ರಮ್ಮು, ಎರಡು ಗಿಟಾರು, ಒಂದು ಕೀಬೋರ್ಡು ಒಟ್ಟಿಗೆ ಧುಮುಕಿದವು. ಹಿಂದೆಯೇ ನೂರಾರು ಜನರ ಶಿಳ್ಳೆ. ಅಂಗಡಿಯ ಮುಂದೆ ನಿಂತಿದ್ದ ನಾಲ್ವರು ಹುಡುಗರು, “ಬಸಣ್ಣ, ಇನ್ನೊಂದ್ಸಲ ಅದೇ ಜಾಗ ಆಕಣ್ಣ” ಎಂದರು. ಬಸವರಾಜು ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಚಲುವನಾರಾಯಣರು ಎರಡನೇ ಸಲ ಕೂಗಿದರು. ಕಾಫಿಪುಡಿಯ ಪೊಟ್ಟಣ ಚರಂಡಿಯ ಪಕ್ಕಕ್ಕೆ ಬಿತ್ತು.

ಬೀಳುವುದಕ್ಕೆ ಕಾರಣವಿತ್ತು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದ ಚಲುವನಾರಾಯಣರು ಹನ್ನೊಂದು ವರ್ಷಗಳಿಂದ ಊರಿನ ನಾದಾಮೃತ ಗಾನಸಭೆಯ ಕಾರ್ಯದರ್ಶಿ. ಸಂಬಳವಿಲ್ಲದ ಹುದ್ದೆ. ಆದರೆ ರಾಮೋತ್ಸವದ ಕಚೇರಿಗಳಲ್ಲಿ ಮೊದಲ ಸಾಲಿನ ಮಧ್ಯದ ಕುರ್ಚಿ ಅವರದು, ಮೈಕು ಅವರದು, ವಿದ್ವಾಂಸರು ಹಾಡಿ ಮುಗಿಸಿದ ಮೇಲೆ “ಕಲ್ಯಾಣಿ ಪರವಾಗಿಲ್ಲ, ತೋಡಿ ಇನ್ನೂ ಕುದಿಯಬೇಕಿತ್ತು” ಎಂದು ಸಾಂಬಾರಿನ ಬಗ್ಗೆ ಹೇಳುವ ಹಾಗೆ ತೀರ್ಪು ಕೊಡುವ ಅಧಿಕಾರವೂ ಅವರದು. ಮನೆಯಲ್ಲಿ ಯಾವ ಅಧಿಕಾರವೂ ಇಲ್ಲದ ಗಂಡಸಿಗೆ ಇದು ಕಡಿಮೆಯೇನಲ್ಲ. ಮುಂದಿನ ಮೂರು ವರ್ಷದ ಕಾರ್ಯದರ್ಶಿಯ ಆಯ್ಕೆ ಬರುವ ಭಾನುವಾರ ನಡೆಯುವುದಿತ್ತು.

ತೊಡಕು ಶುರುವಾದದ್ದು ಎರಡು ತಿಂಗಳ ಹಿಂದೆ, 2001ರ ಜನವರಿಯಲ್ಲಿ. ಹಾಸನದ ಇಂಜಿನಿಯರಿಂಗ್ ಹುಡುಗರು ಕಟ್ಟಿಕೊಂಡಿದ್ದ ‘ಹೇಮಾವತಿ ಥಂಡರ್ಸ್’ ಎಂಬ ರಾಕ್ ತಂಡ ಊರಿನ ಸಂತೆ ಮೈದಾನದಲ್ಲಿ ಕಾರ್ಯಕ್ರಮ ಇಟ್ಟುಕೊಂಡಿತು. (ಊರಿನವರು ಅದನ್ನು ಆರ್ಕೆಸ್ಟ್ರಾ ಎಂದರು. ಹುಡುಗರು ಮುಖ ಸಿಂಡರಿಸಿ, “ಆರ್ಕೆಸ್ಟ್ರಾ ಅಲ್ಲ, ರಾಕ್” ಎಂದು ತಿದ್ದಿದರು. “ಆಯ್ತಪ್ಪ, ರಾಕ್ ಆರ್ಕೆಸ್ಟ್ರಾ” ಎಂದು ಊರಿನವರು ಒಪ್ಪಿಕೊಂಡರು.) ಗಾನಸಭೆ ತುರ್ತಾಗಿ ಸೇರಿ ಒಂದು ನಿರ್ಣಯ ಮಾಡಿತು: “ಸದರಿ ಗದ್ದಲ ನಡೆಯುವ ಮೈದಾನಕ್ಕೆ ಸಭೆಯ ಯಾವೊಬ್ಬ ಸದಸ್ಯನೂ ಕಾಲಿಡತಕ್ಕದ್ದಲ್ಲ. ಇಟ್ಟವನು ಸಭೆಯ ಯಾವುದೇ ಹುದ್ದೆಗೆ ಅನರ್ಹನಾಗತಕ್ಕದ್ದು.” ಬರೆದವರು ಚಲುವನಾರಾಯಣರು. ‘ತಕ್ಕದ್ದು’ ಎರಡು ಸಲ ಬಂದದ್ದು ಅವರಿಗೆ ತುಂಬ ಹಿಡಿಸಿತ್ತು.

ಕಾರ್ಯಕ್ರಮದ ಸಂಜೆ, ಕೇಳದೆ ಖಂಡಿಸುವುದು ನ್ಯಾಯವಲ್ಲ ಎಂದು ಅವರಿಗೇ ಅನ್ನಿಸಿತು. ಹೆಂಡತಿಗೆ ವಾಕಿಂಗ್ ಎಂದು ಹೇಳಿ, ಮಫ್ಲರನ್ನು ಕಣ್ಣಿನವರೆಗೆ ಸುತ್ತಿಕೊಂಡು ಮೈದಾನದ ಕೊನೆಯ ಸಾಲಿನಲ್ಲಿ ಕುಳಿತರು. ಒಂದು ಹಾಡು ಕೇಳಿ ಏಳಬೇಕೆಂದಿದ್ದವರು ಆರು ಹಾಡು ಕೇಳಿದರು. ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ತಾಳ ಹಾಕುತ್ತಿತ್ತು. ಏಳನೆಯ ಹಾಡಿನ ನಡುವೆ ವಾದ್ಯಗಳೆಲ್ಲ ಗಕ್ಕನೆ ನಿಂತವು. ದೀಪಗಳೂ ಆರಿದವು. ಪ್ರತಿಭಟಿಸಲು ಇದೇ ಸಮಯವೆಂದು ಚಲುವನಾರಾಯಣರು ಕತ್ತಲಲ್ಲಿ ಎದ್ದು ನಿಂತು ಆ ಮಾತನ್ನು ಕೂಗಿದರು. ತಂಡ ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಶುರುಮಾಡಿತು. ಅವಮಾನವಾಗಿ ಮನೆಗೆ ಬಂದರು. ಕಾರ್ಯಕ್ರಮವನ್ನು ಧ್ವನಿಮುದ್ರಣ ಮಾಡಿಕೊಳ್ಳುತ್ತಿದ್ದಾರೆ, ಅದು ‘ಹೊಳೆನರಸೀಪುರದಲ್ಲಿ ಲೈವ್’ ಎಂಬ ಕ್ಯಾಸೆಟ್ ಆಗಿ ಹೊರಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಬನ್ನಿ ಮೇಷ್ಟ್ರೇ,” ಎಂದ ಬಸವರಾಜು. “ನಿಮ್ಗೆ ಇದೆಲ್ಲ ಆಗಾಕಿಲ್ಲ ಅಂತ ಗೊತ್ತು ಸಾ. ಆದ್ರೂ ಜನ ಏನ್ ಬರ್ದವ್ರೆ ಓದಿ ನೋಡಿ.”

ಕೌಂಟರಿನ ಮೇಲೆ ದಾರ ಕಟ್ಟಿದ ನೋಟ್‌ಬುಕ್ಕೊಂದಿತ್ತು. ಕ್ಯಾಸೆಟ್ ಕೊಂಡವರು ಅಭಿಪ್ರಾಯ ಬರೆಯಲೆಂದು ತಂಡದವರೇ ಇಡಿಸಿದ್ದು. ಚಲುವನಾರಾಯಣರು ಪರೀಕ್ಷೆಯ ಪತ್ರಿಕೆ ತಿದ್ದುವವರ ಗಾಂಭೀರ್ಯದಿಂದ ಓದತೊಡಗಿದರು.

“ಎ ಸೈಡ್ ಸುಮಾರು. ಬಿ ಸೈಡ್ ಎರಡನೇ ಹಾಡಲ್ಲಿ ಕೂಗುವ ಮಹಾತ್ಮ ಯಾರೇ ಆಗಿರಲಿ, ಅವರ ಪಾದಕ್ಕೆ ನಮಸ್ಕಾರ. – ಐ.ಟಿ.ಐ. ಗೆಳೆಯರು, ಚನ್ನರಾಯಪಟ್ಟಣ.”

“ಗಿಟಾರು ನಮ್ಮ ಪಂಪ್‌ಸೆಟ್ ಮೋಟಾರು ಸುಡುವ ಮುಂಚೆ ಮಾಡಿದ ಶಬ್ದವನ್ನೇ ಮಾಡುತ್ತದೆ. ಹಾಡಿನ ಮಾತು ಒಂದೂ ತಿಳಿಯಲಿಲ್ಲ. ತಿಳಿದದ್ದು ಅದೊಂದು ಕೂಗು. – ಅರಕಲಗೂಡು.”

“ಹಾಲು ಕರೆಯುವಾಗ ಈ ಕ್ಯಾಸೆಟ್ ಹಾಕಿದರೆ ನಮ್ಮ ಹಸು ಒದೆಯುತ್ತದೆ. ಕೂಗು ಬಂದಾಗ ಸುಮ್ಮನಾಗುತ್ತದೆ. ಮುಂದಿನ ಕ್ಯಾಸೆಟ್‌ನಲ್ಲಿ ಹಾಡು ಕಡಿಮೆ ಮಾಡಿ ಕೂಗು ಜಾಸ್ತಿ ಮಾಡಬೇಕಾಗಿ ವಿನಂತಿ. – ದಂಡಿಗನಹಳ್ಳಿ.”

ಚಲುವನಾರಾಯಣರ ಎದೆ ನಿಧಾನವಾಗಿ ಉಬ್ಬತೊಡಗಿತು. ಹನ್ನೊಂದು ವರ್ಷ ಇನ್ನೊಬ್ಬರ ಗಾಯನಕ್ಕೆ ಅಂಕ ಕೊಟ್ಟವರಿಗೆ ಅಂಕ ಬಂದದ್ದು ಇದೇ ಮೊದಲು. ಅದೇ ಖುಷಿಯಲ್ಲಿ ಹಾಳೆ ಮಗುಚಿದರೆ ಹಾಸನದ ಹಾಸ್ಟೆಲೊಂದರಿಂದ ಹೀಗೆ ಬರೆದಿದ್ದರು: “ಕೂಗಿದ್ದು ಗಂಡಸೋ ಹೆಂಗಸೋ ಎಂದು ನಮ್ಮಲ್ಲಿ ಮೂರು ದಿನದಿಂದ ಜಗಳ.”

ಅವರು ಪೆನ್ನು ತೆಗೆದು ಕೆಳಗೆ ಬರೆದರು: “ಗಂಡಸು. ಖಚಿತ ಮಾಹಿತಿ. – ಓರ್ವ ರಸಿಕ.”

ಮನೆಯಲ್ಲಿ ಪರಿಸ್ಥಿತಿ ಅಂಗಡಿಗಿಂತ ಮುಂದೆ ಹೋಗಿತ್ತು. ಪಿ.ಯು.ಸಿ. ಓದುವ ಮಗಳು ಇಂಚರ ಅದೇ ಕ್ಯಾಸೆಟ್ ಹಾಕಿಕೊಂಡು ಕೂತಿದ್ದಳು. ಅವಳ ತಾಯಿ ರಂಗನಾಯಕಿ ಹುರುಳಿಕಾಯಿ ಬಿಡಿಸುತ್ತಿದ್ದರು. ರಂಗನಾಯಕಿ ಹುಟ್ಟಿ ಬೆಳೆದದ್ದು ಸಂಗೀತಗಾರರಿಗೆ ಹೆಸರಾದ ರುದ್ರಪಟ್ಟಣದಲ್ಲಿ; ಆ ಊರಲ್ಲಿ ಬೆಳೆದವರು ಹುರುಳಿಕಾಯಿಯನ್ನೂ ತಾಳ ಬಿಟ್ಟು ಮುರಿಯುವುದಿಲ್ಲ.

“ವಾಕಿಂಗ್ ಹೇಗಿತ್ತು?” ಎಂದರು ಗಂಡನ ಮುಖ ನೋಡದೆ.

“ಯಾವ ವಾಕಿಂಗು? ಕಾಫಿಪುಡಿ ತರೋಕೆ ಹೋಗಿದ್ದೆ.”

“ಜನವರಿ ವಾಕಿಂಗು.”

ಚಲುವನಾರಾಯಣರು ಪೊಟ್ಟಣ ಕೆಳಗಿಟ್ಟು ಅದಕ್ಕೆ ಹತ್ತಿದ ಮಣ್ಣನ್ನು ಒರೆಸಿದರು. “ಅದು ನಾನಲ್ಲ ಕಣೇ.”

“ಇಪ್ಪತ್ತು ವರ್ಷದಿಂದ ಬಚ್ಚಲುಮನೆಯಿಂದ ‘ನೀರು ಸಾಕೂ’ ಅಂತ ಕೂಗ್ತಿರೋದು ಯಾರು, ಪಕ್ಕದ ಮನೆಯವರಾ?”

“ಅಣ್ಣಾ!” ತಂದೆಯನ್ನು ಅಣ್ಣ ಎನ್ನುವ ಇಂಚರ ಕುಣಿದಳು. “ನಮ್ಮ ಕ್ಲಾಸಲ್ಲಿ ಎಲ್ಲರೂ ನಿಮ್ಮ ಫ್ಯಾನ್ಸು. ನೀವೇ ಅಂತ ಅವರಿಗೆ ಗೊತ್ತಿಲ್ಲ ಅಷ್ಟೆ.”

“ಗೊತ್ತಾಗಲೂ ಕೂಡದು. ಭಾನುವಾರ ಸಮಿತಿ ಸೇರತ್ತೆ. ನಾನು ಮೈದಾನಕ್ಕೆ ಹೋಗಿದ್ದೆ ಅಂತ ತಿಳಿದರೆ ಕಾರ್ಯದರ್ಶಿ ಸ್ಥಾನ ಹೋಯ್ತು. ಭಾನುವಾರದವರೆಗೆ ಇಬ್ಬರೂ ಬಾಯಿ ಬಿಡಬಾರದು.”

“ಬಿಡಲ್ಲ,” ಎಂದರು ರಂಗನಾಯಕಿ. ಇನ್ನೊಂದು ಕಾಯಿ ಮುರಿದು, “ಆದರೂ ಒಂದು ಮಾತು. ಎಂಟು ಪೆಟ್ಟು ಹಾಕೋಕೆ ಹೊರಟ ಡ್ರಮ್ಮಿನ ಹುಡುಗ ಒಂದನ್ನ ನುಂಗ್ಕೊಂಡು ಏಳರ ಲೆಕ್ಕಕ್ಕೆ ಬಂದಿದಾನೆ. ಎಲ್ಲ ನಿಂತು ಎರಡು ಸುತ್ತು ನಿಶ್ಶಬ್ದ. ಆಮೇಲೆ ನಿಮ್ಮ ಕೂಗು ಸರಿಯಾಗಿ ಸಮಕ್ಕೆ ಬಿದ್ದಿದೆ, ತಾಳದ ಮೊದಲನೇ ಪೆಟ್ಟಿಗೆ. ಶ್ರುತಿಯೂ ಸೇರಿದೆ, ಮೇಲಿನ ಷಡ್ಜ. ನಿಮ್ಮನ್ನ ಹಿಡಿದುಕೊಂಡೇ ಆ ಹುಡುಗರು ಒಟ್ಟಿಗೆ ಎತ್ತಿದಾರೆ.”

“ನೋಡಿದೆಯಾ!”

“ಆಕಸ್ಮಿಕ ಬಿಡಿ.”

ಆ ರಾತ್ರಿ ಚಲುವನಾರಾಯಣರು ಮಜ್ಜಿಗೆ ಹಾಕಿಸಿಕೊಳ್ಳದೆ ಊಟದಿಂದ ಎದ್ದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿಯವರು ಅವರ ನಡುಮನೆಯ ಜಮಖಾನೆಯ ಮೇಲೆ ಸೇರಿದರು. ಅಧ್ಯಕ್ಷ ರುದ್ರಯ್ಯನವರದು ಕೊಬ್ಬರಿ ಮಂಡಿ. ಸಂಗೀತ ಕಲಿತವರಲ್ಲ, ನಲವತ್ತು ವರ್ಷ ಕೇಳಿದವರು. ಅವರ ತಲೆ ಅಲ್ಲಾಡಿದರೆ ವಿದ್ವಾಂಸರು ಉಸಿರು ಬಿಡುತ್ತಿದ್ದರು. ಚಲುವನಾರಾಯಣರ ಹೆಸರು ಬರೆದ ಆಯ್ಕೆಯ ಹಾಳೆ ಅವರ ಮುಂದಿತ್ತು. ರುಜು ಒಂದು ಬೀಳಬೇಕಿತ್ತು.

“ರುಜು ಆಮ್ಯಾಕೆ ಆಕನ. ಮೊದ್ಲು ಇದ್ನ ಖಂಡಿಸ್ಬುಡನ,” ಎಂದು ರುದ್ರಯ್ಯ ಜುಬ್ಬಾದ ಜೇಬಿನಿಂದ ಕ್ಯಾಸೆಟ್ ತೆಗೆದರು. “ಕೇಳ್ದೆ ಎಂಗೆ ಖಂಡಿಸಾದು? ಮಗಾ ಇಂಚರಾ, ಆಕವ್ವ.”

“ಎ ಸೈಡ್ ಸಾಕಲ್ವೇ ರುದ್ರಯ್ಯನವರೇ?” ಎಂದರು ಚಲುವನಾರಾಯಣರು. “ಬಿ ಸೈಡಲ್ಲೂ ಇದೇ ಗಲಾಟೆ.”

“ನಿಮ್ಗೆಂಗೆ ಗೊತ್ತು?”

“ಊಹೆ.”

ಎ ಸೈಡ್ ಮುಗಿಯುವವರೆಗೆ ಸಮಿತಿ ಹಲ್ಲುನೋವು ಬಂದವರಂತೆ ಕುಳಿತಿತ್ತು. ಬಿ ಸೈಡಿನ ಎರಡನೇ ಹಾಡಿಗೆ ರುದ್ರಯ್ಯನವರ ಬೆರಳು ತೊಡೆಯ ಮೇಲೆ ಮೆಲ್ಲಗೆ ಏಳತೊಡಗಿತು. ವಾದ್ಯಗಳು ನಿಂತವು. ಬೆರಳು ನಿಲ್ಲಲಿಲ್ಲ. ಕೂಗು ಬಿತ್ತು.

“ಆಹಾ!” ರುದ್ರಯ್ಯ ತೊಡೆ ಚಪ್ಪರಿಸಿದರು. “ಯಾವನ್ಲಾ ಇವ್ನು! ಮಗಾ, ತಿರ್ಗಾ ಆಕು.”

ಇಂಚರ ಮೂರು ಸಲ ಹಾಕಿದಳು. ಮೂರು ಸಲವೂ ಸಮಿತಿ ಒಂದೇ ಉಸಿರಿನಲ್ಲಿ “ಆಹಾ” ಎಂದಿತು. ಖಂಡನೆಯ ವಿಷಯವನ್ನು ಎಲ್ಲರೂ ಮರೆತರು. ಚಲುವನಾರಾಯಣರು ಜಮಖಾನೆಯ ನೂಲು ಕೀಳುತ್ತ ಕುಳಿತಿದ್ದರು.

“ಇದು ಕಣ್ರಪ್ಪ ಕಿವಿ ಅಂದ್ರೆ,” ಎಂದರು ರುದ್ರಯ್ಯ. “ನಮ್ ಸೆಕ್ರೆಟ್ರಿನೂ ಅವ್ರೆ. ಅನ್ನೊಂದು ವರ್ಷದಿಂದ ಮುಂದ್ಗಡೆ ಕುಂತು ತೊಡೆ ಬಡ್ಕಂಡವ್ರೆ. ಒಂದ್ ಕಿತನಾದ್ರೂ ಸಮಕ್ಕೆ ಬಿದ್ದಿದ್ದುಂಟಾ?”

ಸಮಿತಿ ನಕ್ಕಿತು. ಅಡುಗೆಮನೆಯ ಬಾಗಿಲಿನಿಂದ ರಂಗನಾಯಕಿ ಬೇಡವೆಂದು ಕಣ್ಣು ಬಿಟ್ಟರು. ಚಲುವನಾರಾಯಣರು ನುಂಗಿಕೊಂಡರು. ಒಂದು ರುಜು. ಒಂದೇ ಒಂದು ರುಜು.

“ನಮ್ಮೂರೋನಲ್ಲ ಬುಡಿ,” ಎಂದು ರುದ್ರಯ್ಯ ಪೆನ್ನಿನ ಮುಚ್ಚಳ ತೆಗೆದರು. “ಅರಕಲಗೂಡು ಕಡ್ಯೋನಿರ್ಬೇಕು. ಇಂಥ ಗ್ಯಾನ ಇರೋ ಗಂಡ್ಸು ನಮ್ಮೂರಲ್ಲಿ ಎಲ್ಲವ್ನೆ?”

“ಇಲ್ಲೇ ಇದಾನೆ!” ಚಲುವನಾರಾಯಣರು ಎದ್ದು ನಿಂತಿದ್ದರು. “ಅರಕಲಗೂಡೂ ಇಲ್ಲ, ಗಿರಕಲಗೂಡೂ ಇಲ್ಲ. ಮೈದಾನಕ್ಕೆ ಹೋಗಿದ್ದೋನು ನಾನು! ಕೂಗಿದೋನು ನಾನು!”

ಪೆನ್ನು ಹಾಳೆಯ ಮೇಲೆಯೇ ನಿಂತಿತು. ರುದ್ರಯ್ಯ ಅವರನ್ನು ಪಂಚೆಯಿಂದ ತಲೆಯವರೆಗೆ ನೋಡಿದರು.

“ನೀವು?”

“ನಾನೇ.”

“ಎಲ್ಲಿ, ಕೂಗಿ.”

ಇಂಚರ ಕ್ಯಾಸೆಟ್ ಹಿಂದಕ್ಕೆ ಸುತ್ತಿದಳು. ಚಲುವನಾರಾಯಣರು ಗಂಟಲು ಸರಿಮಾಡಿಕೊಂಡು ಕಣ್ಣು ಮುಚ್ಚಿದರು. ಮೈದಾನದಲ್ಲಿ ಅವರು ಎಣಿಸಿರಲಿಲ್ಲ, ಕೈ ಎಣಿಸಿತ್ತು. ಈಗ ಗಣಿತದ ಮೇಷ್ಟ್ರೇ ಎಣಿಸಲು ನಿಂತರು. ನಿಶ್ಶಬ್ದ ಬಂದಾಗ ಆರರವರೆಗೆ ಎಣಿಸಿ, ಅದು ಆರೋ ಏಳೋ ಎಂದು ಸಂಶಯವಾಗಿ, ತಾಳೆ ನೋಡಿ ಬಾಯಿ ತೆರೆಯುವ ಹೊತ್ತಿಗೆ ಕ್ಯಾಸೆಟ್ಟಿನ ಕೂಗು ಮುಗಿದು ಜನ ಶಿಳ್ಳೆ ಹೊಡೆದಾಗಿತ್ತು. ಅದರ ಮೇಲೆ ಇವರ “ನಿಲ್ಸ್ರಯ್ಯಾ” ಎರಡು ಹೋಳಾಗಿ ಬಿತ್ತು.

“ಗಂಟ್ಲು ಕಟ್ಟಿದೆ. ಇನ್ನೊಂದ್ಸಲ.”

ಎರಡನೆಯ ಸಲ ವಾದ್ಯಗಳು ನಿಲ್ಲುವ ಮೊದಲೇ ಕೂಗಿದರು. ಮೂರನೆಯ ಸಲ ಕೂಗಲು ಮರೆತು ಎಣಿಸುತ್ತಲೇ ಉಳಿದರು. ನಾಲ್ಕನೆಯ ಸಲ ನಿಶ್ಶಬ್ದ ಬಂದಾಗ, ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಬಂದ ರಂಗನಾಯಕಿಗೆ ತಡೆಯಲಾಗಲಿಲ್ಲ.

“ನಿಲ್ಸೀಂದ್ರೆ, ಸಾಕೂ!”

ಅದು ಕ್ಯಾಸೆಟ್ಟಿನ ಕೂಗಿನ ಮೇಲೆ ಮುಚ್ಚಳದ ಹಾಗೆ ಕೂತಿತು. ಅದೇ ಪೆಟ್ಟು, ಅದೇ ಷಡ್ಜ. ಯಾವುದು ಎಲ್ಲಿಂದ ಬಂತೆಂದು ಹೇಳುವಂತಿರಲಿಲ್ಲ. ಗಿಟಾರುಗಳು ಅವರನ್ನೇ ಹಿಡಿದುಕೊಂಡು ಎದ್ದವು.

ರುದ್ರಯ್ಯ ಕೈ ಮುಗಿದರು. “ಗೊತ್ತಾಯ್ತು ಬುಡಿ ಯಾರ್ದು ಅಂತ. ಅದ್ಕೇ ನಂಗೆ ಆಗ್ಲೇ ಅನ್ಮಾನ, ಧ್ವನಿ ಈಸೊಂದು ತೆಳ್ಳಗೈತಲ್ಲ ಅಂತ.”

“ಅಯ್ಯೋ, ಅವಳಲ್ಲ, ಅದು ನಾ—”

“ಸುಮ್ಕಿರಿ ಮೇಷ್ಟ್ರೇ. ಎಂಡ್ತಿ ಎಸ್ರು ಕಿತ್ಕಳಾಕೆ ನಾಚ್ಕೆ ಆಗಾಕಿಲ್ವಾ?”

ಮೈದಾನಕ್ಕೆ ಹೋದವರು ಅನರ್ಹರಲ್ಲವೇ ಎಂದು ಸದಸ್ಯರೊಬ್ಬರು ಕೇಳಿದರು. ರುದ್ರಯ್ಯ ನಿರ್ಣಯದ ಪುಸ್ತಕ ತರಿಸಿ ಬೆರಳಿಟ್ಟು ಓದಿದರು. ಸದಸ್ಯನು ಕಾಲಿಡತಕ್ಕದ್ದಲ್ಲ ಎಂದಿತ್ತು. ರಂಗನಾಯಕಿ ಸದಸ್ಯರಾಗಿರಲಿಲ್ಲ. ಸದಸ್ಯರಾಗಿದ್ದ ಒಬ್ಬರು, ನಾನು ಹೋಗಿದ್ದೆ ಎಂದು ಎಲ್ಲರೆದುರು ಎದ್ದು ನಿಂತು ಹೇಳಿದ್ದರು. ನಿರ್ಣಯ ಅಷ್ಟು ಸ್ಪಷ್ಟವಾಗಿದ್ದುದರಿಂದ ಚರ್ಚೆ ಎರಡು ನಿಮಿಷದಲ್ಲಿ ಮುಗಿಯಿತು. ರಂಗನಾಯಕಿಯವರನ್ನು ಆ ಕ್ಷಣವೇ ಸದಸ್ಯೆಯಾಗಿ ಸೇರಿಸಿಕೊಂಡು, ಕಾರ್ಯದರ್ಶಿಯಾಗಿ ಸರ್ವಾನುಮತದಿಂದ ಆರಿಸಲಾಯಿತು. ನಡಾವಳಿಯನ್ನು ಚಲುವನಾರಾಯಣರೇ ಬರೆದರು. ಬರೆಯಲು ಬೇರೆ ಯಾರ ಅಕ್ಷರವೂ ಚೆನ್ನಾಗಿರಲಿಲ್ಲ.

ರಂಗನಾಯಕಿ ಕೂಗು ತಮ್ಮದು ಎನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. “ಕಾಫಿ ಆರತ್ತೆ, ತಗೊಳಿ” ಎಂದರು.

ಸಮಿತಿ ಹೊರಟ ಮೇಲೆ ಚಲುವನಾರಾಯಣರು ಸಿಡಿದರು. “ಅದು ನಮ್ಮನೆಯವರ ಧ್ವನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?”

“ಭಾನುವಾರದವರೆಗೆ ಬಾಯಿ ಬಿಡಬೇಡ ಅಂದೋರು ನೀವೇ.”

“ಇವತ್ತೇ ಭಾನುವಾರ!”

“ಮುಗಿದಿಲ್ವಲ್ಲ ಇನ್ನೂ,” ಎಂದು ರಂಗನಾಯಕಿ ಲೋಟಗಳನ್ನು ಎತ್ತಿಕೊಂಡು ಹೋದರು.

ಗುರುವಾರ ಸಂಜೆ, ಕೂಗಿದವರು ಯಾರೆಂಬ ಸುದ್ದಿ ಕೇಳಿ, ತಂಡದ ಡ್ರಮ್ಮಿನ ಹುಡುಗ ಶಶಿಕಿರಣ್ ಹಾಸನದಿಂದ ಮೋಟಾರ್‌ಬೈಕಿನಲ್ಲಿ ಬಂದ. ಬಾಗಿಲು ತೆಗೆದ ಚಲುವನಾರಾಯಣರ ಕೈಗೆ ಹೆಲ್ಮೆಟ್ ಕೊಟ್ಟು ಒಳಗೆ ಹೋಗಿ ರಂಗನಾಯಕಿಯವರ ಕಾಲು ಮುಟ್ಟಿದ. ನಿಮ್ಮ ಕೂಗಿಲ್ಲದಿದ್ದರೆ ಆ ಜಾಗದಲ್ಲಿ ನಾವು ನಾಲ್ವರೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದೆವು ಮೇಡಂ, ಹಾಸನದ ಕಾರ್ಯಕ್ರಮಕ್ಕೆ ನೀವು ಬರಲೇಬೇಕು ಎಂದ. ರಂಗನಾಯಕಿ ಅವನನ್ನು ಎದುರಿಗೆ ಕೂರಿಸಿಕೊಂಡು, ನುಂಗಿದ ಎಂಟನೆಯ ಪೆಟ್ಟನ್ನು ತೊಡೆಯ ಮೇಲೆ ಹಾಕಿ ತೋರಿಸಿದರು. ಅದು ಮುಗಿಯುವವರೆಗೆ, ಮುಕ್ಕಾಲು ಗಂಟೆ, ಹೆಲ್ಮೆಟ್ ಚಲುವನಾರಾಯಣರ ಕೈಯಲ್ಲಿತ್ತು.

ಶನಿವಾರ ಮಧ್ಯಾಹ್ನ ಎರಡೂವರೆಯ ಹಾಸನದ ಬಸ್ಸಿಗೆ ತಾಯಿ, ಮಗಳು ಹೊರಡುತ್ತಾರೆ. ಅನ್ನ ಮಾಡಿಟ್ಟಿರುತ್ತದೆ, ಸಾರನ್ನು ಚಲುವನಾರಾಯಣರು ತಾವೇ ಬಿಸಿ ಮಾಡಿಕೊಳ್ಳಬೇಕು.