ಅರ್ಧ ತಲೆಯ ಪಾಠ ತಲುಪಿದೆ

ಪಾಠ ಮಾರುವ ಕಂಪನಿಯ ವಿತರಣಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಇಪ್ಪತ್ತೆರಡು ವರ್ಷಗಳಿಂದ ಎಂತೆಂಥವರ ತಲೆಯನ್ನೂ ಬಗ್ಗಿಸಿದ ಕ್ಷೌರದಂಗಡಿಯವನು ಇಂದು ತಾನೇ ತಲೆಬಾಗಿ ತಮಗೆ ಮಾಡುವ ನಮಸ್ಕಾರಗಳು.

'ಮನೆಯಲ್ಲೇ ಕ್ಷೌರ ಕಲಿಯಿರಿ' ಎಂಬ ನನ್ನ ಪಾಠವನ್ನು ಹಣ ಕೊಟ್ಟವರಿಗೆ ಯಾವ ರೂಪದಲ್ಲಿ ತಲುಪಿಸಬೇಕೆಂದು ತಾವು ನನ್ನನ್ನೇ ಕೇಳಿದಿರಿ. ತಮ್ಮ ದೊಡ್ಡತನಕ್ಕೆ ಉಬ್ಬಿಹೋದೆ. ವಿಡಿಯೊ ಮಾಡಿದರೆ ನನ್ನ ಬೆನ್ನೇ ತುಂಬಿಕೊಂಡು ತಲೆ ಕಾಣಲಿಲ್ಲ. ಆಡಿಯೊದಲ್ಲಿ 'ಇಲ್ಲಿ ಇಷ್ಟು ಕತ್ತರಿಸಿ' ಎಂದಿದ್ದೆ. ಎಲ್ಲಿ, ಎಷ್ಟು ಎಂಬುದು ನನಗೇ ತಿಳಿಯಲಿಲ್ಲ. ಕೊನೆಗೆ ದಿನಕ್ಕೊಂದು ಕಂತು ಎಂಬುದನ್ನು ಆರಿಸಿದೆ. ಅಂಗಡಿಯಲ್ಲಿ ನಾನು ಎಡಗಡೆ ಮುಗಿಸಿ, ಒಂದು ಲೋಟ ಟೀ ಕುಡಿದೇ ಬಲಗಡೆಗೆ ಕೈ ಹಾಕುವುದು. ಪಾಠವನ್ನೂ ಅಲ್ಲೇ ಮುರಿದೆ.

ಶನಿವಾರ, ಭಾನುವಾರ ಪಾಠಗಳಿಗೂ ರಜೆ ಎಂಬುದನ್ನು ತಾವು ಇರುವೆಯೂ ಕನ್ನಡಕ ಹುಡುಕುವಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಿರಿ. ದಣಿದ ಪಾಠಗಳ ಮೇಲೆ ತಮಗಿರುವ ಕರುಣೆಗೆ ಎಣೆಯಿಲ್ಲ.

ನನ್ನ ಮೊದಲ ವಿದ್ಯಾರ್ಥಿನಿ ಸ್ವಂತ ಅಕ್ಕ. ಶುಕ್ರವಾರ ಮೊದಲ ಕಂತು ಬಂದ ಸಂಜೆಯೇ ಭಾವನನ್ನು ಕೂರಿಸಿಕೊಂಡು, ಚಾಚೂ ತಪ್ಪದೆ ಎಡಗಡೆ ಮುಗಿಸಿದಳು. ಉಳಿದರ್ಧಕ್ಕೆ ಭಾವ ನನ್ನ ಅಂಗಡಿಗೆ ಹೊರಟರೆ, "ದುಡ್ಡು ಕೊಟ್ಟಿದೀನಿ, ಪಾಠ ಬರೋವರೆಗೂ ಯಾರೂ ತಲೆ ಮುಟ್ಟೋ ಹಾಗಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತಳು. ಶನಿವಾರ ಭಾವ ಹೊಸ ಕೆಲಸದ ಗುರುತಿನ ಚೀಟಿಗೆ ಅದೇ ತಲೆಯಲ್ಲಿ ಫೋಟೊ ತೆಗೆಸಿಕೊಂಡರು. ಸೋಮವಾರ ಬೆಳಗಾಗುತ್ತಲೇ ಎರಡನೇ ಕಂತು ಬಂತು. ಅಕ್ಕ ಬಲಗಡೆಯನ್ನೂ ಮುಗಿಸಿ ಗಂಡನನ್ನು ಕೆಲಸಕ್ಕೆ ಕಳಿಸಿದಳು. ಗೇಟಿನ ಕಾವಲುಗಾರ ಚೀಟಿ ನೋಡಿ, ಮುಖ ನೋಡಿ, "ಇದು ನೀವಲ್ಲ ಸಾರ್" ಎಂದು ವಾಪಸು ಕಳಿಸಿದ.

ಹೊಸ ಚೀಟಿ ಐದು ವರ್ಷಕ್ಕೊಮ್ಮೆಯಂತೆ. ಹಾಗಾಗಿ ಬಲಗಡೆ ಫೋಟೊದಲ್ಲಿರುವಷ್ಟು ಬೆಳೆಯುವವರೆಗೆ ಭಾವ ಮನೆಯಲ್ಲಿದ್ದಾರೆ; ಎಡಗಡೆ ಬೆಳೆಯದಂತೆ ವಾರಕ್ಕೊಮ್ಮೆ ನಾನು ಹೋಗಿ ಕತ್ತರಿಸುತ್ತೇನೆ. ಅಕ್ಕ ಬಾಗಿಲು ತೆರೆಯುತ್ತಾಳೆ, ಮಾತಾಡುವುದಿಲ್ಲ. ಅದರಿಂದ ನನಗೆ ನಿಜಕ್ಕೂ ನೋವಾಗಿದೆ.

ಆದ್ದರಿಂದ ತಾವು ಕೃಪೆಮಾಡಿ ಸೋಮವಾರದ ಕಂತನ್ನು ಹಿಂಪಡೆದು, ಅದರಿಂದ ಉದುರಿದ ಕೂದಲನ್ನು ಭಾವನ ತಲೆಗೆ ಮರಳಿ ತಲುಪಿಸಬೇಕು. ರೂಪ ಯಾವುದಾದರೂ ಅಡ್ಡಿಯಿಲ್ಲ. ಅಕ್ಕನಿಗೊಂದು ಕ್ಷಮಾಪಣೆಯನ್ನೂ ಕಳಿಸಿ. ಅದು ಮಾತ್ರ ಕಂತಿನಲ್ಲಿ ಬೇಡ.

ತಲೆ ಎಣಿಸದೆ ತಲೆ ಕಾಯುವ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಕ್ಷೌರಿಕ

ವಿ.ಸೂ.: ಕಂಪನಿಯ ವೆಬ್ ಪುಟದಲ್ಲಿ ನಗುತ್ತಿರುವ ತಮ್ಮ ಫೋಟೊ ನೋಡಿದೆ. ಕಿವಿಯ ಮೇಲೆ ಕೂದಲು ಬಹಳ ಬೆಳೆದಿದೆ. ಶುಕ್ರವಾರ ಸಂಜೆ ಅಂಗಡಿಗೆ ದಯಮಾಡಿಸಿ. ಎಡಗಡೆ ಮುಗಿಸಿ ಟೀ ಕುಡಿಯಲು ಹೋಗುತ್ತೇನೆ. ಸೋಮವಾರ ಬರುತ್ತೇನೆ.