ಕೊಪೌ ಹೂವು ಯಾರಿಗೆ?

ಘನಕಾಂತ ಹಾಜರಿಕಾರ ಅಂಗಳದ ಮಾವಿನ ಮರಕ್ಕೆ ಕಟ್ಟಿದ್ದ ಕೊಪೌ ಗಿಡ ಎಂಟು ವರ್ಷದ ಮೇಲೆ ಈ ಚೈತ್ರದಲ್ಲಿ ಹೂವು ಬಿಟ್ಟಿತು. ಬಿಟ್ಟಿದ್ದು ಒಂದೇ ಒಂದು ಗೊಂಚಲು. ಅವರ ಕಷ್ಟ ಶುರುವಾಗಿದ್ದು ಅಲ್ಲಿಂದಲೇ.

ಕೊಪೌ ಎಂದರೆ ಬಿಹು ಹಬ್ಬಕ್ಕೆ ಹುಡುಗರು ಮೆಚ್ಚಿದವಳ ಮುಡಿಗೆ ಕೊಡುವ ಹೂವು. ಮದುವೆಯಾದ ಮೊದಲ ಬಿಹುವಿನಲ್ಲಿ ಹೆಂಡತಿ ತರುಲತಾ ಅದನ್ನು ಕೇಳಿದ್ದಳು. ದೋಣಿಕಟ್ಟೆಯ ಗುಮಾಸ್ತರಾದ ಹಾಜರಿಕಾರಿಗೆ ಪುರಸೊತ್ತಾಗಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಒಳಗೇ ಚುಚ್ಚುತ್ತಿದ್ದ ಮುಳ್ಳು ಅದು. ಈ ಸಂಜೆ ಅವಳು ಮುಗಾ ರೇಷ್ಮೆ ಉಟ್ಟು ನಿಂತಾಗ ತಾವೇ ಮುಡಿಸಬೇಕೆಂದು ನಿಶ್ಚಯಿಸಿದ್ದರು. ಅವಳಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಹಬ್ಬದ ಮೊದಲ ದಿನ ದನಗಳದ್ದು. ಹಾಜರಿಕಾ ಹಸುವಿಗೆ ಅರಿಸಿನ ಹಚ್ಚಿ, ಕೆರೆಯಲ್ಲಿ ಮೀಯಿಸಿಕೊಂಡು ಬರುವಷ್ಟರಲ್ಲಿ ಕುಣಿತದ ತಂಡದ ಲೀಲಾವತಿ ಬಾಗಿಲಲ್ಲಿ ನಿಂತಿದ್ದಳು. ಮುಂದೆ ನಿಂತು ಕುಣಿಯುವ ಹುಡುಗಿಗೆ ಹೂವು ಬೇಕಂತೆ. ಹಾಜರಿಕಾ ಆಗುವುದಿಲ್ಲ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಜಿಪುಣ ಎನ್ನಿಸಿಕೊಳ್ಳುವುದರಲ್ಲಿ ಮುಗಿಯುತ್ತಿತ್ತು. ಪಾಪ, ಒಳ್ಳೆಯ ಮನುಷ್ಯ, ಕಾರಣ ಕೊಡಲು ಹೋದರು.

"ಅದು ಒಬ್ಬರಿಗೆ ಅಂತ ಇಟ್ಟಿದೀನಮ್ಮಾ."

ಬೇಲಿಯಾಚೆ ತನ್ನ ಹಸುವಿಗೆ ಸೋರೆಕಾಯಿ ತಿನ್ನಿಸುತ್ತಿದ್ದ ಪಕ್ಕದ ಮನೆಯ ಫುಕನ್ ಕೈ ತಡೆದು ಕಿವಿಗೊಟ್ಟ. ಸೋರೆಕಾಯಿ ಅರ್ಧಕ್ಕೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಆ ಒಬ್ಬರು ದಿನಾ ಹಾಜರಿಕಾರ ಕಟ್ಟೆಗೆ ದೋಣಿಯಲ್ಲಿ ಬಂದಿಳಿಯುವ ನರ್ಸು ಎಂದು ಬೀದಿಯೆಲ್ಲ ತೀರ್ಮಾನವಾಗಿತ್ತು. ತಿಳಿಯದೆ ಉಳಿದವರು ಇಬ್ಬರೇ: ಆ ನರ್ಸು ಮತ್ತು ಹಾಜರಿಕಾ.

ಊಟದ ಹೊತ್ತಿಗೆ ಊರಿನ ಭಜನಾಮಂದಿರವಾದ ನಾಮಘರದ ಹಿರಿಯರು ಬಾಪುರಾಮ್ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದರು. ಹಿಂದೆ ಫುಕನ್.

"ಘನಕಾಂತ, ಈ ವಯಸ್ಸಲ್ಲಿ ಇದೆಲ್ಲ ಬೇಕೇನಪ್ಪಾ? ಹೂವು ಯಾರಿಗೆ, ಹೇಳಿಬಿಡು."

ಹೆಂಡತಿಗೆ ಎಂದರೆ ಮುಗಿಯಿತು. ಆದರೆ ಐವತ್ತು ದಾಟಿದ ಗಂಡಸು, ಹಿರಿಯರ ಎದುರು, ಹುಡುಗರ ಹಾಗೆ ಹೆಂಡತಿಗೆ ಕೊಪೌ ಮುಡಿಸುತ್ತೇನೆ ಎನ್ನುವುದು ಹೇಗೆ? ಹಾಜರಿಕಾರ ಕಿವಿ ಕೆಂಪಾಯಿತು. ಬಂದವರಿಗೆ ಅಷ್ಟು ಸಾಕಾಗಿತ್ತು.

ಆಗ ತರುಲತಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಇನ್ನೂ ಅಕ್ಕಿಹಿಟ್ಟು. ಯಾರ ಮುಖವನ್ನೂ ನೋಡದೆ ಮಾವಿನ ಮರದ ಬುಡಕ್ಕೆ ಸ್ಟೂಲು ಎಳೆದು ಹತ್ತಿ ಗೊಂಚಲನ್ನು ಕೊಯ್ದಳು, ಕೊಟ್ಟಿಗೆಗೆ ನಡೆದು ಹಸುವಿನ ಕೊಂಬಿಗೆ ಕಟ್ಟಿದಳು.

"ಇವತ್ತು ಇವಳ ಹಬ್ಬ. ಇವಳಿಗೇ ಅಂತ ಇಟ್ಟಿದ್ರು. ಇದಕ್ಕೂ ಪಂಚಾಯ್ತಿನಾ?"

ಎಲ್ಲರೂ ಪೆಚ್ಚಾದರು. ಬಾಪುರಾಮ್ ಹಾಜರಿಕಾರ ಗೋಭಕ್ತಿಯನ್ನು ಬಾಯಿತುಂಬ ಹೊಗಳಿದರು. ತನಗೆ ಮೊದಲೇ ಗೊತ್ತಿತ್ತು ಎಂದ ಫುಕನ್. ಅವರು ಗೇಟು ದಾಟುವಷ್ಟರಲ್ಲಿ ಹಸು ತಲೆ ಕೊಡವಿ, ಉದುರಿದ ಗೊಂಚಲನ್ನು ತಿಂದು ಮುಗಿಸಿತ್ತು.

ಹಾಜರಿಕಾ ಒಳಗೆ ಬಂದರು. ಹೆಂಡತಿಯ ಮೇಲೆ ಅವರಿಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಅವಳು ಹಬ್ಬದ ಅಕ್ಕಿಹಿಟ್ಟಿನ ತಿಂಡಿ ಪೀಠಾದ ತಟ್ಟೆಯನ್ನು ಮುಂದಿಟ್ಟು ಬಾಗಿಲು ಹಾಕಿದಳು.

"ಈಗ ಯಾರೂ ಇಲ್ಲ. ನಿಜ ಹೇಳಿ, ಯಾರಿಗೆ?"

"ನಿನಗೇ, ತರು."

ಅವಳ ಕಣ್ಣು ತುಂಬಿ ಬಂತು.

"ಊರಿಗೆಲ್ಲ ನಾನು ಸುಳ್ಳು ಹೇಳಿದೆ. ನೀವು ನನಗೇ ಹೇಳ್ತಿದೀರಲ್ಲ. ಇಪ್ಪತ್ತೆರಡು ವರ್ಷ ನೆನಪಾಗದವಳು, ಸಿಕ್ಕಿಬಿದ್ದ ಮೇಲೆ ನೆನಪಾದ್ನಾ?"